ಪೊಲೀಸರಿಗೆ ಒಂದು ಪರ್ಸು, ಜೈಲಿಗೆ ಇನ್ನೊಂದು

ಕಳ್ಳನನ್ನು ಹಿಡಿಯೋದು ಒಂದು ಇಲಾಖೆ, ಒಳಗಿಟ್ಟು ಊಟ ಹಾಕೋದು ಇನ್ನೊಂದು ಇಲಾಖೆ. ಎರಡಕ್ಕೂ ಬೇರೆ ಬೇರೆ ದುಡ್ಡು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರ ಮೇ ತಿಂಗಳಿಂದ ಹೀಗೇ ನಡೀತಿದೆ. ಅದಕ್ಕೂ ಮೊದಲು ಎರಡೂ ಅಲ್ಲಿನ ಗೃಹ ಇಲಾಖೆ, ಅಂದ್ರೆ ಹೋಮ್ ಆಫೀಸ್ ಕೆಳಗಿದ್ದವು. (ನಮ್ಮ ಕರ್ನಾಟಕದಲ್ಲಿ ಈಗಲೂ ಪೊಲೀಸ್, ಕಾರಾಗೃಹ ಎರಡೂ ಗೃಹ ಇಲಾಖೆಯಲ್ಲೇ ಇವೆ.) ಆ ವರ್ಷ ಹೊಸದಾಗಿ ನ್ಯಾಯ ಇಲಾಖೆ ಹುಟ್ಟಿತು, ಜೈಲುಗಳು ಅದರ ಪಾಲಿಗೆ ಹೋದವು.

ಅಲ್ಲಿ ಇಲಾಖೆಗಳ ಖರ್ಚಿಗೆ ಒಂದು ಬೇಲಿ ಇದೆ. 1998ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ ತಂದ ಪದ್ಧತಿ ಅದು. ವರ್ಷ ವರ್ಷ ಕೈಚಾಚುವ ಬದಲು, ಮುಂದಿನ ಕೆಲವು ವರ್ಷಗಳಿಗೆ ಇಷ್ಟೇ ಅಂತ ಪ್ರತಿ ಇಲಾಖೆಗೂ ಮಿತಿ ಗೊತ್ತುಮಾಡೋದು. ಕೇಳೋಕೆ ಶಿಸ್ತಿನ ಲೆಕ್ಕ, ಅಲ್ವಾ? ಆದರೆ ಈ ಬೇಲಿಯನ್ನ ಎಳೆದಾಡಿದಾಗ ಏನಾಯ್ತು ನೋಡಿ.

2010ರ ಅಕ್ಟೋಬರ್ 20. ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಕತ್ತರಿ ತೆಗೆದ್ರು. ಬೆಲೆ ಏರಿಕೆ ಕಳೆದು ನೋಡಿದರೆ, ನಾಲ್ಕು ವರ್ಷಗಳಲ್ಲಿ ಪೊಲೀಸರಿಗೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಶೇ. 20 ಕಡಿತ, ನ್ಯಾಯ ಇಲಾಖೆಗೆ ಶೇ. 23. ಪೊಲೀಸರಿಗೆ ಸ್ಥಳೀಯ ತೆರಿಗೆಯಿಂದಲೂ ಸ್ವಲ್ಪ ದುಡ್ಡು ಬರುತ್ತೆ. ಹಾಗಾಗಿ ಸರ್ರೆಯಂಥ ಶ್ರೀಮಂತ ಜಿಲ್ಲೆ ಹೇಗೋ ತಡ್ಕೊಂಡಿತು, ಕೇಂದ್ರದ ಹಣವನ್ನೇ ನಂಬಿದ್ದ ವೆಸ್ಟ್ ಮಿಡ್‌ಲ್ಯಾಂಡ್ಸ್‌ಗೆ ಪೆಟ್ಟು ಜೋರಾಗಿ ಬಿತ್ತು. ಎಲ್ಲರಿಗೂ ಒಂದೇ ಕತ್ತರಿ ಅಂತಾರೆ, ಬಟ್ಟೆ ಒಂದೇ ಇರಲ್ಲ.

ಪೊಲೀಸರ ಸಂಖ್ಯೆ 2010ರಲ್ಲಿ ಸುಮಾರು 1,44,000 ಇದ್ದದ್ದು 2017ರ ಹೊತ್ತಿಗೆ ಸುಮಾರು 1,22,000ಕ್ಕೆ ಇಳಿಯಿತು. ಜೈಲುಗಳ ಕಥೆ ನನ್ನ ಪ್ರಕಾರ ಇನ್ನೂ ಕೆಟ್ಟದ್ದು. ಕೈದಿಗಳು ಸುಮಾರು 85,000, ಹಾಗೇ ಉಳಿದರು. ಅವರನ್ನು ಕಾಯುವ ಸಿಬ್ಬಂದಿ ಮಾತ್ರ ನಾಲ್ಕೇ ವರ್ಷದಲ್ಲಿ ಸುಮಾರು 25,000ದಿಂದ 18,000ದ ಆಸುಪಾಸಿಗೆ ಬಂತು. ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದವರಲ್ಲಿ ಪಳಗಿದ ಕೈಗಳೇ ಹೆಚ್ಚು. ಯಾವ ಕೈದಿಯ ಮುಖ ಇವತ್ತು ಯಾಕೆ ಬಾಡಿದೆ, ಯಾವ ಸಾಲಿನಲ್ಲಿ ಗುಸುಗುಸು ಶುರುವಾಗಿದೆ ಅಂತ ನೋಡಿದ ಕೂಡಲೇ ಹೇಳಬಲ್ಲವರು. ಆ ತಿಳಿವಳಿಕೆಗೆ ಬಜೆಟ್ ಪುಸ್ತಕದಲ್ಲಿ ಒಂದು ಕಾಲಮ್ ಇಲ್ಲ ನೋಡಿ.

2015ರ ನವೆಂಬರ್‌ನಲ್ಲಿ ಪ್ಯಾರಿಸ್ ಮೇಲೆ ಉಗ್ರರ ದಾಳಿ ಆಯ್ತು. ಹನ್ನೆರಡೇ ದಿನಕ್ಕೆ ಅದೇ ಆಸ್ಬೋರ್ನ್, ಪೊಲೀಸರ ಹಣಕ್ಕೆ ಇನ್ನು ಕತ್ತರಿ ಇಲ್ಲ ಅಂದ್ರು. ಜೈಲಿಗೆ ಅಂಥ ಮಾತು ಸಿಗಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಬೆಡ್‌ಫರ್ಡ್ ಜೈಲಲ್ಲಿ ಗಲಭೆ, ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಲ್ಲಿ ಅದಕ್ಕಿಂತ ದೊಡ್ಡದು. ಕಳಿಸಿದ ಏಳು ಸಾವಿರದ ಜಾಗಕ್ಕೆ 2,500 ಜನರನ್ನು ಮತ್ತೆ ತಗೋತೀವಿ ಅಂತ ಸರ್ಕಾರ ಘೋಷಿಸಿದ್ದೂ ಅದೇ ಚಳಿಗಾಲದಲ್ಲಿ.

2019ರಲ್ಲಿ ಬೋರಿಸ್ ಜಾನ್ಸನ್ 20,000 ಹೊಸ ಪೊಲೀಸರ ಭರವಸೆ ಕೊಟ್ಟರು, 2023ರ ಮಾರ್ಚ್‌ಗೆ ಗುರಿ ಮುಟ್ಟಿತು. ಜೈಲಿನಲ್ಲಿ 20,000 ಹೊಸ ಜಾಗ ಕಟ್ಟುವ ಭರವಸೆಯೂ ಇತ್ತು. ಅದು ಮುಟ್ಟಲಿಲ್ಲ. 2031ರವರೆಗೆ ತಡವಾಗುತ್ತೆ, ಅಂದಾಜಿಗಿಂತ ಕನಿಷ್ಠ 420 ಕೋಟಿ ಪೌಂಡ್ ಹೆಚ್ಚು ಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಲೆಕ್ಕ ಪರಿಶೋಧಕರೇ ಹೇಳಿದರು. ಪೊಲೀಸನನ್ನು ತಿಂಗಳುಗಳಲ್ಲಿ ತಯಾರು ಮಾಡಬಹುದು, ಜೈಲಿನ ಗೋಡೆ ಏಳೋಕೆ ವರ್ಷಗಳು ಬೇಕು. ಜೊತೆಗೆ ಶಿಕ್ಷೆಯ ಅವಧಿ ಉದ್ದವಾಗ್ತಾ ಬಂದಿತ್ತು, ಕೋರ್ಟುಗಳಲ್ಲಿ ಕೇಸುಗಳು ರಾಶಿ ಬಿದ್ದಿದ್ದವು.

ತಮಾಷೆ ಏನು ಗೊತ್ತಾ? 2022ರ ನವೆಂಬರ್‌ನಲ್ಲಿ ಜೈಲಿನಲ್ಲಿ ಜಾಗ ಸಾಲದೆ ಪೊಲೀಸ್ ಠಾಣೆಗಳ 400 ಲಾಕಪ್ ಕೋಣೆಗಳನ್ನು ಕೇಳಿದರು.  ಅದೂ ಸಾಲದೆ, ಹಲವು ಕೈದಿಗಳು ಅರ್ಧ ಶಿಕ್ಷೆಯ ಬದಲು ಶೇ. 40 ಮುಗಿಸಿದರೆ ಸಾಕು ಅಂತ ನಿಯಮ ಬದಲಿಸಿದರು. 2024ರ ಸೆಪ್ಟೆಂಬರ್ 10ರಂದು ಒಂದೇ ದಿನ ಸುಮಾರು 1,700 ಜನ ಅವಧಿಗೆ ಮುಂಚೆ ಹೊರಬಂದರು. ಹೀಗೆ ಬಂದವರ ಮೇಲೆ ಕಣ್ಣಿಡಬೇಕಾದ ಪ್ರೊಬೇಷನ್ ಸಿಬ್ಬಂದಿಗೆ ಸಂಬಳ ಬರೋದು ಮತ್ತದೇ ನ್ಯಾಯ ಇಲಾಖೆಯ ಮಿತಿಯೊಳಗಿಂದ.