ಆಮೆ, ಬೆಕ್ಕು, ಚುಕ್ಕಿ ಕಾರ್ಡು: ಎಳೆಯರ ಕಂಪ್ಯೂಟರ್ ಪಾಠ ಬೆಳೆದ ಬಗೆ

ಪ್ರಾಥಮಿಕ ಶಾಲೆಯ ಮಗುವಿಗೆ ಕಂಪ್ಯೂಟರ್ ಬಳಸುವುದನ್ನು ಕಲಿಸಬೇಕೋ, ಕಂಪ್ಯೂಟರಿಗೆ ಕೆಲಸ ಹೇಳುವುದನ್ನು ಕಲಿಸಬೇಕೋ? ಸುಮಾರು ಅರವತ್ತು ವರ್ಷಗಳಿಂದ ಈ ಕ್ಷೇತ್ರ ಇವೆರಡರ ನಡುವೆ ಓಲಾಡುತ್ತಲೇ ಬಂದಿದೆ.

1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೆಮೋರ್ ಪೇಪರ್ಟ್, ವಾಲಿ ಫೋಯರ್ಜೈಗ್, ಸಿಂಥಿಯಾ ಸಾಲೊಮನ್ ಮಕ್ಕಳಿಗೆಂದೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಮಗು ಏನನ್ನಾದರೂ ಕಟ್ಟುತ್ತಲೇ ಕಲಿಯುತ್ತದೆ ಎಂಬುದು ಪೇಪರ್ಟ್ ಅವರ ನಂಬಿಕೆ. ಮುಂದೆ ಲೋಗೋ ಜೊತೆ ಸೇರಿಕೊಂಡ, ಹೇಳಿದಂತೆ ಚಲಿಸಿ ಗೆರೆ ಎಳೆಯುವ ‘ಆಮೆ’ ಆ ನಂಬಿಕೆಗೆ ರೂಪ ಕೊಟ್ಟಿತು. ‘ನೂರು ಹೆಜ್ಜೆ ಮುಂದೆ, ಬಲಕ್ಕೆ 90 ಡಿಗ್ರಿ’ ಎಂದು ನಾಲ್ಕು ಸಲ ಹೇಳಿದರೆ ಆಮೆ ಚೌಕ ಬರೆಯುತ್ತದೆ. ಸಮಬಾಹು ತ್ರಿಭುಜ ಬರೆಸಲು ಹೊರಟ ಮಗು, ಗಣಿತದ ಪುಸ್ತಕ ನೆನೆದು 60 ಡಿಗ್ರಿ ಎನ್ನುತ್ತದೆ. ಆಮೆ ಷಟ್ಕೋನದ ದಾರಿ ಹಿಡಿಯುತ್ತದೆ! ಮಗು ಎದ್ದು ತಾನೇ ಆಮೆಯಂತೆ ನಡೆದು ನೋಡಿದಾಗ, ಮೂಲೆಯಲ್ಲಿ ತಿರುಗಬೇಕಾದದ್ದು 120 ಡಿಗ್ರಿ ಎಂದು ಹೊಳೆಯುತ್ತದೆ. ತಪ್ಪನ್ನು ಹುಡುಕಿ ತಿದ್ದಿಕೊಳ್ಳುವುದೇ ಇಲ್ಲಿ ಪಾಠ.

ಶಾಲೆಗಳಿಗೆ ಕಂಪ್ಯೂಟರ್ ಬರತೊಡಗಿದಾಗ ಕಟ್ಟುತ್ತಾ ಕಲಿಯುವ ಈ ಆಸೆ ಹಿಂದೆ ಸರಿಯಿತು. ಭಾರತದಲ್ಲಿ 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ತಂದಿತಾದರೂ ಅದು ಪ್ರೌಢಶಾಲೆ ಮತ್ತು ಅದರ ಮೇಲಿನ ತರಗತಿಗಳ ಮಾತಾಯಿತು. ಕೆಳಗಿನ ತರಗತಿಗಳಿಗೆ ಕಂಪ್ಯೂಟರ್ ಪಿರಿಯಡ್ ಬಂದಾಗ ಟೈಪಿಂಗ್, ಪೇಂಟ್, ಮೌಸ್–ಮಾನಿಟರ್ ಗುರುತಿಸುವ ಪ್ರಶ್ನೋತ್ತರವೇ ಎಷ್ಟೋ ಕಡೆ ಪಾಠವಾಯಿತು. ಆದರೆ 1999ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೊಂದು ಕಂಪ್ಯೂಟರ್ ಕೂರಿಸಿದಾಗ, ಕೊಳೆಗೇರಿಯ ಮಕ್ಕಳು ಅದರ ಬಳಕೆಯನ್ನು ತಾವಾಗಿಯೇ ಕಲಿತರು. ಬಳಕೆ ಹೀಗೆ ದಕ್ಕುವುದಾದರೆ ಮೇಷ್ಟ್ರ ಕೆಲಸ ಅಲ್ಲಿಂದಾಚೆಯದು.

2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಬರೆದ ಲೇಖನ ‘ಕಂಪ್ಯೂಟೇಷನಲ್ ಥಿಂಕಿಂಗ್’ ಅನ್ನು ಎಲ್ಲರ ಬಾಯಿಗೆ ತಂದಿತು: ದೊಡ್ಡ ಸಮಸ್ಯೆಯನ್ನು ಬಿಡಿಸಿ, ಬೇಡದ್ದನ್ನು ಬದಿಗಿಟ್ಟು, ಪರಿಹಾರವನ್ನು ಹಂತ ಹಂತವಾಗಿ ಹೇಳುವ ಬಗೆ ಅದು. ಮರುವರ್ಷ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ತಂಡ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್ ಹೊರತಂದಿತು. ಆದೇಶ ಬರೆದ ಬಣ್ಣದ ತುಂಡುಗಳನ್ನು ಜೋಡಿಸಿದರೆ ಪರದೆಯ ಬೆಕ್ಕು ಓಡುತ್ತದೆ. ಇಂಗ್ಲೆಂಡ್ 2014ರಲ್ಲಿ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಕಡ್ಡಾಯಗೊಳಿಸಿತು. ಮೂರು ವರ್ಷದ ಬಳಿಕ ರಾಯಲ್ ಸೊಸೈಟಿಯ ವರದಿ, ಅನೇಕ ಶಿಕ್ಷಕರಿಗೆ ಈ ಪಾಠ ಮಾಡುವ ಧೈರ್ಯವೇ ಬಂದಿಲ್ಲ ಎಂದಿತು. ಪಠ್ಯಕ್ರಮ ಬದಲಾದಷ್ಟು ಬೇಗ ತರಗತಿ ಬದಲಾಗುವುದಿಲ್ಲ.

ಕಂಪ್ಯೂಟರೇ ಇಲ್ಲದ ದಾರಿಯೂ ಉಂಟು. 1990ರ ದಶಕದಲ್ಲಿ ನ್ಯೂಜಿಲೆಂಡ್‌ನ ಟಿಮ್ ಬೆಲ್ ಮತ್ತು ಸಂಗಡಿಗರು ಬೆಳೆಸಿದ ‘ಅನ್‌ಪ್ಲಗ್ಡ್’ ಚಟುವಟಿಕೆಗಳಲ್ಲಿ ಐದು ಮಕ್ಕಳು 16, 8, 4, 2, 1 ಚುಕ್ಕಿಗಳ ಕಾರ್ಡು ಹಿಡಿದು ಸಾಲಾಗಿ ನಿಲ್ಲುತ್ತಾರೆ. ‘19 ಮಾಡಿ’ ಎಂದರೆ 16, 2, 1 ಎದುರಿಗೆ ತಿರುಗುತ್ತವೆ. 8 ಮತ್ತು 4 ಬೆನ್ನು ಮಾಡುತ್ತವೆ. ದ್ವಿಮಾನ ಸಂಖ್ಯೆ ಮೈಯಲ್ಲಿ ಇಳಿಯುತ್ತದೆ, ಕರೆಂಟು ಬೇಕಿಲ್ಲ. ನಮ್ಮಲ್ಲೂ ಐಐಟಿ ಬಾಂಬೆಯ ‘ಕಂಪ್ಯೂಟರ್ ಮಸ್ತಿ’ ಪುಸ್ತಕಗಳು, 2016ರಲ್ಲಿ ಆರಂಭವಾದ ‘ಸಿಎಸ್ ಪಾಠಶಾಲಾ’ ಇದೇ ಜಾಡಿನಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗನ್ನು ಮಧ್ಯಮ ಹಂತಕ್ಕೆ ಬಿಟ್ಟು, ಕಂಪ್ಯೂಟೇಷನಲ್ ಥಿಂಕಿಂಗ್‌ಗೆ ಬುನಾದಿ ಹಂತದಿಂದಲೇ ಒತ್ತು ಕೊಡಬೇಕೆನ್ನುತ್ತದೆ.

ಕರ್ನಾಟಕಕ್ಕೆ ಇದು ಹೊಸದಾಗಿ ಕಲಿಯಬೇಕಾದ ರೀತಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಯ ಮೂಲಕ ಕಲಿಸುವ ‘ನಲಿ-ಕಲಿ’ ಪದ್ಧತಿಯ ಶಿಕ್ಷಕರಿಗೆ ಕಾರ್ಡು, ಗುಂಪು, ಕಲಿಕಾ ಏಣಿ ಕೈಗೆ ಒಗ್ಗಿವೆ. ಅವರಿಗೆ ಕನ್ನಡದಲ್ಲೇ ತರಬೇತಿ, ಕನ್ನಡದಲ್ಲೇ ಚಟುವಟಿಕೆ ಕೊಟ್ಟರೆ ಲ್ಯಾಬ್ ಬರುವವರೆಗೆ ಕಾಯಬೇಕಿಲ್ಲ. ಯಂತ್ರ ಕೊಳ್ಳಲು ಎತ್ತಿಡುವ ಹಣದಲ್ಲಿ ಮೊದಲ ಪಾಲು ಶಿಕ್ಷಕರ ತರಬೇತಿಗೆ ಸಲ್ಲಬೇಕು.