ಅವನೊಂದು ನಮೂನೆ

ಘಟ್ಟದ ಮೇಲಿನವರು ಕರಾವಳಿ ಕಡೆಯ ಗುರುವಾಯನಕೆರೆಯಲ್ಲಿ ಬಸ್ಸಿಳಿದು ಹತ್ತು ನಿಮಿಷ ನಿಂತರೆ ಸಾಕು, ‘ನಮೂನೆ’ ಕಿವಿಗೆ ಬೀಳುತ್ತದೆ. ‘ಇದೆಂಥ ನಮೂನೆ ಸೆಕೆ ಮಾರಾಯ್ರೆ.’ ‘ಮದುವೆಗೆ ಮೂರು ನಮೂನೆ ಪಾಯಸ ಇತ್ತು.’ ‘ಬೆಳಗ್ಗಿಂದ ಹೊಟ್ಟೆ ಒಂದು ನಮೂನೆ.’ ತುಳುವಿನಲ್ಲೂ ಅದೇ, ‘ಒಂಜಿ ನಮೂನೆ’. ಪದ ಪಾರಸಿಯದ್ದು, ಮಾದರಿ, ಸ್ಯಾಂಪಲ್ ಎಂದು ಅರ್ಥ. ಕಚೇರಿಗಳಲ್ಲಿ ಅದು ಫಾರಂಗೆ ಹೆಸರಾಯಿತು. ಕರಾವಳಿಯವರು ಅದನ್ನು ಸೆಕೆಗೆ, ಪಾಯಸಕ್ಕೆ, ಹೊಟ್ಟೆಗೆ, ಕೊನೆಗೆ ಮನುಷ್ಯರಿಗೂ ಹಚ್ಚಿದರು.

ಕಚೇರಿಯ ನಮೂನೆ ಇಲ್ಲಿಯೂ ಇದೆ. ಸರ್ಕಾರಿ ಜಾಗದಲ್ಲಿ ಕೃಷಿ ಮಾಡಿದವರು ಸಕ್ರಮಕ್ಕೆ ಕೊಟ್ಟದ್ದು ನಮೂನೆ 50, ಆಮೇಲೆ 53, ಮತ್ತೆ 57. ಪಂಚಾಯತಿಗೆ ಹೋದರೆ ನಮೂನೆ 9, ನಮೂನೆ 11. ಈ ನಮೂನೆಯಲ್ಲಿ ಅಂಕಣಗಳಿರುತ್ತವೆ. ನಿಮ್ಮ ಜಾಗ ಅಂಕಣದಲ್ಲಿ ಕೂರದಿದ್ದರೆ ಫೈಲು ಕದಲುವುದಿಲ್ಲ.

ಮನಶ್ಶಾಸ್ತ್ರದಲ್ಲಿ ವ್ಯಕ್ತಿತ್ವವನ್ನು ಬಗೆಬಗೆಯಾಗಿ ವಿಂಗಡಿಸುವ ಸಿದ್ಧಾಂತಗಳು ಹೆಚ್ಚು ಕಡಿಮೆ ಈ ಜಾತಿಯವು. ಗ್ರೀಕರಿಗೆ ನಾಲ್ಕು ದೇಹರಸಗಳಿದ್ದವು, ನಮ್ಮ ವೈದ್ಯರಿಗೆ ವಾತ, ಪಿತ್ತ, ಕಫ. 1921ರಲ್ಲಿ ಕಾರ್ಲ್ ಯೂಂಗ್ ಅಂತರ್ಮುಖಿ, ಬಹಿರ್ಮುಖಿ ಎಂದು ಬಗೆಗಳ ಪುಸ್ತಕ ಬರೆದ. ಅದನ್ನು ಹಿಡಿದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಹದಿನಾರು ಬಗೆಯ ಮನುಷ್ಯರನ್ನು ಪಟ್ಟಿ ಮಾಡಿದರು. ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಅಕ್ಷರ. ಈಗಿನ ಮಕ್ಕಳು ಮೊಬೈಲಿನಲ್ಲಿ ಪರೀಕ್ಷೆ ಬರೆದು ತಮಗೆ ಸಿಕ್ಕಿದ ಅಕ್ಷರಗಳನ್ನು ಜಾತಕದ ರಾಶಿಯಂತೆ ಹೇಳಿಕೊಳ್ಳುವುದು ಇದನ್ನೇ. ತೊಂದರೆ ಏನೆಂದರೆ, ಹೆಚ್ಚಿನ ಜನ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಪರೀಕ್ಷೆ ಮಾತ್ರ ನಡುವಿಗೊಂದು ಗೆರೆ ಎಳೆದು ಆಚೆ ಅಥವಾ ಈಚೆ ತಳ್ಳುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬಹಳ ಜನರ ಅಕ್ಷರ ಬದಲಾಗುವುದು ಅದಕ್ಕೇ.

ಬಗೆಗಳೇ ಬೇಕಾದ ಜಾಗವೂ ಉಂಟು ಎನ್ನಿ. ಯಕ್ಷಗಾನದಲ್ಲಿ ಪುಂಡುವೇಷ, ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ಇಲ್ಲದೆ ಆಗುತ್ತದೆಯೇ? ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುವುದು, ಗದ್ದೆಯ ಆ ತುದಿಯಲ್ಲಿ ಕೂತವನಿಗೂ ರಕ್ಕಸ ಬಂದದ್ದು ತಿಳಿಯಲಿ ಎಂದು. ವೇಷ ಕಟ್ಟದ ತಾಳಮದ್ದಳೆಯಲ್ಲಿ ಆ ಸೌಕರ್ಯ ಇಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಬಿಳಿ ಪಂಚೆಯಲ್ಲಿ ಕೂತು ರಾವಣನ ಅರ್ಥ ಹೇಳುವಾಗ ಮುಖದಲ್ಲಿ ಬಣ್ಣವಿರಲಿಲ್ಲ; ಅಭಿಮಾನ ಎಷ್ಟು, ವಿದ್ವತ್ತು ಎಷ್ಟು, ಹಟ ಎಷ್ಟು ಎಂಬುದು ಮಾತಿನಲ್ಲೇ ಬರಬೇಕಿತ್ತು.

ಈ ‘ಎಷ್ಟು’ ಎಂಬ ಪ್ರಶ್ನೆಯೇ ಇನ್ನೊಂದು ಸಿದ್ಧಾಂತದ ಬುಡ. ಮನುಷ್ಯರನ್ನು ವಿಂಗಡಿಸುವುದು ಬಿಟ್ಟು ಗುಣಗಳನ್ನು ಅಳೆಯಿರಿ ಎನ್ನುತ್ತದೆ ಅದು. 1936ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ಬಣ್ಣಿಸುವ 17,953 ಪದಗಳನ್ನು ಹೆಕ್ಕಿದರು. ಊರಿಗೆ ಮುಖ್ಯವಾದ ಗುಣಕ್ಕೆ ಊರ ಭಾಷೆಯಲ್ಲಿ ಪದ ಇದ್ದೇ ಇರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ರೇಮಂಡ್ ಕ್ಯಾಟೆಲ್ ಅದನ್ನು ಸೋಸಿ 16ಕ್ಕೆ ಇಳಿಸಿದ; ಮುಂದಿನವರು ಐದಕ್ಕೆ ತಂದರು: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟು, ಬಹಿರ್ಮುಖತೆ, ಹೊಂದಾಣಿಕೆ, ಅಳುಕು.

ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಅದರಿಂದ ಹೀಗೆ ಪದ ಹೆಕ್ಕಲು ಹೊರಟರೆ ಜುಗ್ಗ, ಪುಕ್ಕ, ಹುಂಬ ಎಲ್ಲ ಸಿಗಬಹುದು. ಆದರೆ ಸಂಬಂಧ ಕೇಳಿಕೊಂಡು ಬಂದವರು ದಿನಸಿ ಅಂಗಡಿಯಲ್ಲಿ ‘ಆ ಮನೆಯವರು ಹೇಗೆ ಅಣ್ಣಾ?’ ಎಂದರೆ ಸಿಗುವ ಉತ್ತರಕ್ಕೆ ಎರಡೇ ಪದ ಸಾಕು: ಪಾಪ, ಜೋರು. ‘ಹುಡುಗ ಭಾರೀ ಪಾಪ. ತಾಯಿ ಸ್ವಲ್ಪ ಜೋರು. ತಂದೆ ಕಾಣುವುದಕ್ಕೆ ಜೋರು, ಒಳಗೆ ಪಾಪ.’ ಭಾರೀ, ಸ್ವಲ್ಪ, ಕಾಣುವುದಕ್ಕೆ, ಒಳಗೆ: ಅಳತೆ ಪೂರ್ತಿ ಇದೆ. ಬಗೆಗಳ ಪಟ್ಟಿಗಿಂತ ಈ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ.

ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯದೆ, ‘ತಮ್ಮ ಮಾತ್ರ ಒಂದು ನಮೂನೆ’ ಎಂದು ಬಿಟ್ಟರೆ ಅಲ್ಲಿ ಪಾಪವೂ ಇಲ್ಲ, ಜೋರೂ ಇಲ್ಲ. ಅದು ಬೈಗುಳವಲ್ಲ, ಹೊಗಳಿಕೆಯಂತೂ ಅಲ್ಲ. ಒಂದು ನಮೂನೆ ಎಂದರೆ ಯಾವ ನಮೂನೆಗೂ ಸೇರದವನು; ಇನ್ನು ನೀವೇ ನೋಡಿಕೊಳ್ಳಿ ಎಂದು ಅರ್ಥ. ಕಚೇರಿಯಲ್ಲಿ ಎಲ್ಲರನ್ನೂ ಅಂಕಣಕ್ಕೆ ಸೇರಿಸುವ ಪದ ಅಂಗಡಿಯಲ್ಲಿ ಒಬ್ಬನನ್ನು ಅಂಕಣದಿಂದ ಹೊರಗಿಡುತ್ತದೆ.

ಹದಿನೆಂಟು ಸಾವಿರದಷ್ಟು ಪದ ಎಣಿಸಿದ ಆಲ್‌ಪೋರ್ಟ್ ಕೂಡ ಕೊನೆಗೆ ಬಂದದ್ದು ಅಂಗಡಿಯವರ ಜಾಗಕ್ಕೇ. ಎಲ್ಲರಿಗೂ ಒಂದೇ ಅಳತೆಗೋಲು ಸಾಲದು, ಒಬ್ಬೊಬ್ಬರನ್ನು ಅವರಷ್ಟಕ್ಕೇ ಓದಬೇಕು ಎಂದು ಆತ ವಾದಿಸಿದ. ಜೆನ್ನಿ ಎಂಬ ಹೆಸರು ಕೊಟ್ಟು, ಒಬ್ಬಳೇ ತಾಯಿ ಬರೆದ 301 ಪತ್ರಗಳನ್ನು ಇಟ್ಟುಕೊಂಡು 1965ರಲ್ಲಿ ಇಡೀ ಒಂದು ಪುಸ್ತಕ ಮಾಡಿದ.

ನಾಲ್ಕಕ್ಷರದ ಪರೀಕ್ಷೆಯನ್ನು ಬಸ್ಸಿನಲ್ಲಿ ಹೊತ್ತು ಹೋಗಲಿಕ್ಕೆ ಬರೆಯಿರಿ, ಅಡ್ಡಿಯಿಲ್ಲ. ಸೊಸೆ ತರಲಿಕ್ಕೆ, ನೌಕರಿ ಕೊಡಲಿಕ್ಕೆ ಅದನ್ನು ನಂಬಬೇಡಿ. ಕೆಲಸಕ್ಕೆ ಜನ ಆರಿಸಲು ಇದನ್ನು ಬಳಸಬಾರದು ಎಂದು ಆ ಪರೀಕ್ಷೆ ಮಾರುವ ಕಂಪೆನಿಯೇ ಹೇಳುತ್ತದೆ.