ನವಣೆ ಉಂಡ ಡಾಕ್ಟರು

ಸೊಲ್ಲಾಪುರದ ಭೈಯ್ಯಾ ಚೌಕದ ಹತ್ತಿರ ಡಾ. ದ್ವಾರಕಾನಾಥ ಕೋಟ್ನಿಸರ ಮನೆಯಿದೆ. ಈಗ ಅದು ಸ್ಮಾರಕ. ಚೀನಾದಿಂದ ಬಂದವರು ಹೂವಿಟ್ಟು, ಕೈಮುಗಿದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮ್ಮೂರ ಮಂದಿಗೆ ಮಾತ್ರ ಕೋಟ್ನಿಸ್ ಎಂದರೆ ಇವತ್ತಿಗೂ ಸಿನಿಮಾ. 1946ರಲ್ಲಿ ವಿ. ಶಾಂತಾರಾಮ್ ತಾವೇ ಕೋಟ್ನಿಸರಾಗಿ ನಟಿಸಿದ ಆ ಚಿತ್ರವನ್ನು ನಮ್ಮ ಅಪ್ಪ ಬಾಯಿಪಾಠ ಒಪ್ಪಿಸುವಷ್ಟು ನೋಡಿದ್ದರು. ಅದರಲ್ಲಿ ಚೀನೀಯರೆಲ್ಲ ಸಲೀಸಾಗಿ ಹಿಂದಿ ಮಾತಾಡುತ್ತಾರೆ. ಹಾಗಾಗಿ ಡಾಕ್ಟರಿಗೆ ಭಾಷೆಯ ತೊಂದರೆಯೇ ಬರುವುದಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಸಿನಿಮಾ ನೋಡಿದಾಗಲೆಲ್ಲ ನನಗೆ ಕಾಡುತ್ತಿದ್ದದ್ದು ಒಂದೇ: ಈ ಮನುಷ್ಯ ಅಲ್ಲಿ ಉಂಡದ್ದೇನು? ಮಲಗಿದ್ದೆಲ್ಲಿ? ನೋವು ಎಲ್ಲಿದೆ ಅಂತ ರೋಗಿಯನ್ನು ಕೇಳಿದ್ದು ಹೇಗೆ?

ಹೋದದ್ದು ಯಾಕೆ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. 1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕಿಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಚೀನೀ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯ ದಂಡನಾಯಕ ಝೂ ದ ನೆಹರೂ ಅವರಿಗೆ ಕಾಗದ ಬರೆದು ನೆರವು ಕೇಳಿದ. 1938ರಲ್ಲಿ ಸುಭಾಷ್‌ಚಂದ್ರ ಬೋಸ್ ಕಾಂಗ್ರೆಸ್ಸಿನ ಅಧ್ಯಕ್ಷರು. ಅವರು ಕರೆಕೊಟ್ಟ ಮೇಲೆ ದೇಶದಲ್ಲಿ 'ಚೀನಾ ದಿನ' ಆಚರಿಸಿ 22,000 ರೂಪಾಯಿ ಕೂಡಿಸಿದರು. ಐವರು ಡಾಕ್ಟರು ಹೊರಟರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಬಂದಿದ್ದ ಅಟಲ್ ಮುಖ್ಯಸ್ಥರು. ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್. ನಮ್ಮ ಹುಡುಗ 1910ರಲ್ಲಿ ಹುಟ್ಟಿದವನು, ಮುಂಬಯಿಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಹೊರಬಿದ್ದು ಹೆಚ್ಚು ದಿನ ಆಗಿರಲಿಲ್ಲ. ಕರಾರು ಒಂದು ವರ್ಷದ ಸೇವೆಗೆ. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಲ್ಲಿ 'ರಾಜಪುತಾನಾ' ಹಡಗು ಹತ್ತಿದರು. 17ರಂದು ಕ್ಯಾಂಟನ್ನಿನಲ್ಲಿ ಸುನ್ ಯಾತ್ ಸೆನ್ನರ ಪತ್ನಿ ಸೂಂಗ್ ಚಿಂಗ್-ಲಿಂಗ್ ಈ ಐವರನ್ನು ಬರಮಾಡಿಕೊಂಡರು.

ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಆಮೇಲಿನ ತಿಂಗಳುಗಳನ್ನು ಮಾತ್ರ ಎಲ್ಲರೂ ಹಾರಿಸಿಬಿಡುತ್ತಾರೆ.

ಯಾಕೆಂದರೆ ಆ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಕ್ಯಾಂಟನ್ನಿನಿಂದ ಹಾಂಕೌ, ಅಲ್ಲಿಂದ ಯೀಚಾಂಗ್, ಅಲ್ಲಿಂದ ಚೊಂಗ್‌ಚಿಂಗ್. ಇವರು ಮುಂದೆ ಮುಂದೆ ಸರಿದಂತೆ ಹಿಂದಿನ ಊರು ಜಪಾನೀಯರ ಪಾಲಾಗುತ್ತಿತ್ತು. ಅಕ್ಟೋಬರಿನಲ್ಲಿ ಕ್ಯಾಂಟನ್ ಹೋಯಿತು, ಹಾಂಕೌ ಹೋಯಿತು. ಇವರಿಗೆ ಬೇಕಿದ್ದದ್ದು ಕಮ್ಯುನಿಸ್ಟರ ಕೈಯಲ್ಲಿದ್ದ ಯೆನಾನ್. ಪರವಾನಗಿ ಕೊಡಬೇಕಾದದ್ದು ಚಿಯಾಂಗ್ ಕೈ-ಶೆಕ್‌ನ ಸರ್ಕಾರ. ಚೊಂಗ್‌ಚಿಂಗಿನಲ್ಲಿ ಕಾಯುತ್ತ ಕೂತರು. ಪರದೇಶಕ್ಕೆ ಸೇವೆಗೆಂದು ಹೋದವರಿಗೆ ಗುಂಡಿನ ಸದ್ದಿಗಿಂತ ಹೆಚ್ಚು ಕಂಗೆಡಿಸುವುದು ಈ ಕೆಲಸವಿಲ್ಲದ ದಿನಗಳೇ ಅಂತ ನನ್ನ ಲೆಕ್ಕ. ಅಲ್ಲಿಯೇ ಶಾಂತಿನಿಕೇತನದ ಚೀನಾ ಭವನದ ತಾನ್ ಯುನ್-ಶಾನ್ ಇವರಿಗೆ ಚೀನೀ ಹೆಸರುಗಳನ್ನಿಟ್ಟರು. ಕೋಟ್ನಿಸ್ 'ಕ ದಿಹುವಾ' ಆದರು. ಅಲ್ಲಿಯೇ, 1939ರ ಜನವರಿಯಲ್ಲಿ, ಅಪ್ಪ ತೀರಿಕೊಂಡ ಸುದ್ದಿಯೂ ಬಂತು. ಮಗನನ್ನು ಒಪ್ಪಿ ಕಳಿಸಿಕೊಟ್ಟ ಅಪ್ಪ. ವಾಪಸ್ ಹೋಗು ಎಂದು ಜೊತೆಯವರು ಹೇಳಿದರು. ಕೋಟ್ನಿಸ್ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಐವರೂ ಉತ್ತರಕ್ಕೆ ಹೊರಟು ಫೆಬ್ರವರಿ 12ಕ್ಕೆ ಯೆನಾನ್ ಮುಟ್ಟಿದರು.

ಯೆನಾನ್ ಅಂದರೆ ಹಳದಿ ಮಣ್ಣಿನ ಗುಡ್ಡಗಳ ನಾಡು. ಗುಡ್ಡದ ಮೈಯನ್ನೇ ಕೊರೆದು ಮಾಡಿದ ಗವಿಗಳೇ ಮನೆ, ಗವಿಗಳೇ ಶಾಲೆ, ಗವಿಗಳೇ ಆಸ್ಪತ್ರೆ. ಕಮಾನಿನ ಬಾಯಿಗೆ ಮರದ ಜಾಲರಿ, ಜಾಲರಿಗೆ ಗಾಜಿನ ಬದಲು ಬಿಳಿ ಕಾಗದ. ಊರಿನಿಂದಾಚೆ ಗ್ವಾಯ್‌ಮಾವ್ ಎಂಬಲ್ಲಿ ಸೇನೆಯ ಮಾದರಿ ಆಸ್ಪತ್ರೆ. ಕೋಟ್ನಿಸರಿಗೆ ಅಲ್ಲಿ ಸರ್ಜರಿ ವಿಭಾಗದಲ್ಲಿ ಕೆಲಸ. ಗವಿ ಎಂದ ಕೂಡಲೇ ಓದುವವರು ಅಯ್ಯೋ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ನಮ್ಮ ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಮಾರುದ್ದ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಯಲ್ಲಿ ಬೆಳೆದವರಿಗೆ ಗೊತ್ತು: ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಯೆನಾನಿನ ಗವಿಯ ಗುಣವೂ ಅದೇ. ಹೊರಗಿನ ಚಳಿ ಮಾತ್ರ ನಮ್ಮವರ ಅಳತೆಗೆ ಸಿಗುವಂಥದ್ದಲ್ಲ. ನೀರು ಹೆಪ್ಪುಗಟ್ಟುವ ಚಳಿ. ಹತ್ತಿ ತುಂಬಿ ಹೊಲಿದ ಅಂಗಿ, ಹತ್ತಿ ತುಂಬಿದ ಪೈಜಾಮ ತೊಟ್ಟು ದಿನಗಟ್ಟಲೆ ಬಿಚ್ಚದೆ ಇರಬೇಕು. ಮುಂದೆ ಹೆಬೆಯ್ ಪ್ರಾಂತ್ಯದ ಹಳ್ಳಿಗಳಿಗೆ ಹೋದಾಗ 'ಕಾಂಗ್' ಮೇಲೆ ಮಲಗುವ ರೂಢಿ. ಅದು ಇಟ್ಟಿಗೆಯ ಕಟ್ಟೆ. ಒಲೆಯ ಹೊಗೆ ಅದರ ಹೊಟ್ಟೆಯೊಳಗಿಂದ ಹಾದು ಹೋಗುವುದರಿಂದ ರಾತ್ರಿಯ ಅಡುಗೆಯ ಕಾವೇ ಹಾಸಿಗೆಯ ಕಾವು. ಒಂದೇ ಕಟ್ಟೆಯ ಮೇಲೆ ಮನೆಮಂದಿಯೆಲ್ಲ ಸಾಲಾಗಿ ಮಲಗುತ್ತಾರೆ.

ಊಟದ ಸಂಗತಿಯಲ್ಲಿ ನನಗೆ ನಗು ಬರುತ್ತದೆ. ಇಂಗ್ಲಿಷಿನಲ್ಲಿ ಬರೆದವರೆಲ್ಲ ಪಾಪ, ಡಾಕ್ಟರು ಮಿಲೆಟ್ ತಿಂದುಕೊಂಡು ಕಷ್ಟಪಟ್ಟರು ಎಂದೇ ಬರೆಯುವುದು. ಯಾವ ಮಿಲೆಟ್? ಆ ಕಡೆಯ ಬಡವರ ಅನ್ನ ಎಂದರೆ ನವಣೆ. ನಮ್ಮಜ್ಜಿ ಶ್ರಾವಣದಲ್ಲಿ ಬೆಲ್ಲ ಹಾಕಿ ಮಾಡುತ್ತಿದ್ದ ಅದೇ ನವಣಕ್ಕಿ. ಅದು ಬಿಟ್ಟರೆ ಉತ್ತರ ಚೀನಾದ ಹೊಲದಲ್ಲಿ ಆಳೆತ್ತರ ನಿಲ್ಲುವ ಬೆಳೆ ಜೋಳ. ಸೊಲ್ಲಾಪುರದಿಂದ ಹೋದವನಿಗೆ ನವಣೆ, ಜೋಳ ಹೊಸದೇ? ಹೊಸದಾದದ್ದು ಬೇಯಿಸುವ ರೀತಿ. ಅಲ್ಲಿ ಜೋಳವನ್ನು ಬಡಿದು ರೊಟ್ಟಿ ಮಾಡುವುದಿಲ್ಲ. ಅದೂ ಗಂಜಿಯೇ, ಇದೂ ಗಂಜಿಯೇ. ಶೇಂಗಾ ಹಿಂಡಿ ಇಲ್ಲ, ಖಾರ ಇಲ್ಲ, ಮಜ್ಜಿಗೆ ಇಲ್ಲ. ಜೊತೆಗೆ ಬೇಯಿಸಿದ ಮೂಲಂಗಿಯೋ ಆಲೂಗಡ್ಡೆಯೋ. ಕುಡಿಯಲು ತಣ್ಣೀರು ಕೇಳಿದರೆ ಹುಚ್ಚನನ್ನು ನೋಡಿದಂತೆ ನೋಡುತ್ತಾರೆ, ಕಾಯಿಸಿದ ನೀರನ್ನೇ ಬಿಸಿಬಿಸಿ ಕುಡಿಯಬೇಕು. ನರ್ಸಾಗಿ ಹೇಳುತ್ತೇನೆ, ಆ ಒಂದು ರೂಢಿ ಎಷ್ಟು ಜನರ ಹೊಟ್ಟೆ ಕಾಪಾಡಿತೋ.

ಉಳಿದದ್ದು ಭಾಷೆ. ಕೇರಳದಿಂದ ನಮ್ಮ ಆಸ್ಪತ್ರೆಗೆ ಹೊಸದಾಗಿ ಬರುತ್ತಿದ್ದ ಹುಡುಗಿಯರನ್ನು ನೋಡಿದ್ದೇನೆ. ಸೊಲ್ಲಾಪುರದ ವಾರ್ಡಿನಲ್ಲಿ ಒಂದು ಮಂಚದವರು ಮರಾಠಿ, ಪಕ್ಕದವರು ಕನ್ನಡ, ಅದರಾಚೆ ನೇಕಾರರ ತೆಲುಗು, ಮೂಲೆಯಲ್ಲಿ ಉರ್ದು. ಮೊದಲ ವಾರ ಅವು ಅತ್ತುಕೊಂಡೇ ಡ್ಯೂಟಿ ಮುಗಿಸುತ್ತಿದ್ದವು. "ಎಲ್ಲಿ ನೋಯ್ತದ, ಅಜ್ಜಾ?" ಅಂತ ಕೇಳಲು ಬಂದ ದಿನ ಅವುಗಳ ನಡಿಗೆಯೇ ಬೇರೆಯಾಗುತ್ತಿತ್ತು. ಇಂಥ ಊರಿನಲ್ಲಿ ಬೆಳೆದ ಹುಡುಗನಿಗೆ ಇನ್ನೊಂದು ಭಾಷೆ ಎಂದರೆ ಎದೆ ನಡುಗಿರಲಾರದು ಎಂಬುದು ನನ್ನ ಊಹೆ, ಇದಕ್ಕೆ ಪುರಾವೆ ಕೇಳಬೇಡಿ. ಪುರಾವೆ ಇರುವುದು ಇಷ್ಟಕ್ಕೆ: ದುಭಾಷಿಯ ಕೈಹಿಡಿದು ಶುರುಮಾಡಿದ ಕೋಟ್ನಿಸ್ ಮುಂದೆ ಚೀನೀ ಭಾಷೆಯಲ್ಲೇ ಪಾಠ ಮಾಡಿದರು, ಓದಿದರು, ಬರೆದರು.

ಐವರಲ್ಲಿ ಎಲ್ಲರಿಗೂ ಇದು ಒಗ್ಗಲಿಲ್ಲ. ಚೋಳ್ಕರ್ ವಯಸ್ಸಾದವರು, ಮುಖರ್ಜಿಗೆ ಆರೋಗ್ಯವಿರಲಿಲ್ಲ. ಇಬ್ಬರೂ 1939ರಲ್ಲೇ ಮರಳಿದರು. ಉಳಿದ ಮೂವರು ಆ ನವೆಂಬರಿನಲ್ಲಿ ಯೆನಾನ್ ಬಿಟ್ಟು ಯುದ್ಧದ ಸೀಮೆಗೆ ಹೊರಟರು. 1940ರಲ್ಲಿ ಅಟಲ್ ಕೂಡ ಅನಾರೋಗ್ಯದಿಂದ ಹೊರಟುಬಂದರು. ಮರಳಿದವರನ್ನು ಹಿಮ್ಮೆಟ್ಟಿದವರು ಎನ್ನುವುದು ಅನ್ಯಾಯ. ದೇಹ ಒಪ್ಪದಿದ್ದರೆ ಮನಸ್ಸು ಏನು ಮಾಡೀತು?

ಮೂವರು ಮುಂಚೂಣಿಯ ಹಾದಿ ಹಿಡಿದ ದಿನಗಳಲ್ಲೇ, ನವೆಂಬರ್ 12ರಂದು, ಹೆಬೆಯ್‌ನಲ್ಲಿ ಕೆನಡಾದ ಸರ್ಜನ್ ನಾರ್ಮನ್ ಬೆಥ್ಯೂನ್ ತೀರಿಕೊಂಡರು. ಕಾರಣ ಒಂದು ಸಣ್ಣ ಗಾಯ. ಗ್ಲೌಸ್ ಇಲ್ಲದೆ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡಿತು, ಅದು ನಂಜಾಯಿತು, ನಂಜು ರಕ್ತಕ್ಕೇರಿತು. ಪೆನಿಸಿಲಿನ್ ಇನ್ನೂ ಯಾರ ಕೈಗೂ ಬಂದಿರದ ಕಾಲ. ಹೇಸರಗತ್ತೆಯ ಬೆನ್ನಿನ ಮೇಲೆ ಹೊರಿಸುವ ಪೆಟ್ಟಿಗೆಗಳಲ್ಲಿ ಇಡೀ ಆಪರೇಷನ್ ಥಿಯೇಟರನ್ನು ಮಡಚಿ ತುಂಬುವ ಏರ್ಪಾಡು ಮಾಡಿದವರು ಅವರು. ಬಿಚ್ಚಿದರೆ ಮೇಜು, ಕಟ್ಟಿದರೆ ಹೊರೆ. ಬ್ಯಾಂಡೇಜು ಒಗೆದು ಒಣಗಿಸಿ ಮತ್ತೆ ಸುತ್ತುವುದು, ಹಳ್ಳಿಯ ಗುಡಿಯನ್ನು ವಾರ್ಡು ಮಾಡುವುದು, ಶತ್ರು ಬಂದನೆಂದರೆ ರೋಗಿಗಳ ಸಮೇತ ರಾತ್ರೋರಾತ್ರಿ ಗುಡ್ಡ ಹತ್ತುವುದು, ಆ ಸೀಮೆಯ ಆಸ್ಪತ್ರೆಯ ದಿನಚರಿ ಇದು. ಬಸು ಮತ್ತು ಕೋಟ್ನಿಸ್ 1940ರಲ್ಲಿ ಅಲ್ಲಿಗೆ ಮುಟ್ಟಿದರು. ಆ ವರ್ಷದ ದೊಡ್ಡ ಕದನದಲ್ಲಿ ಕೋಟ್ನಿಸರ ತಂಡ 13 ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿತೆಂದು ದಾಖಲೆ. ಆಮೇಲೆ ಬಸು ಯೆನಾನಿಗೆ ಮರಳಿದರು. ಕೋಟ್ನಿಸ್ ಉಳಿದರು. 1941ರ ಜನವರಿಯಲ್ಲಿ ಬೆಥ್ಯೂನ್ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ನಿರ್ದೇಶಕರಾದರು. ಆ ಹೊತ್ತಿಗೆ ಒಂದು ವರ್ಷದ ಕರಾರು ಮುಗಿದು ಬಹಳ ದಿನವಾಗಿತ್ತು.

ಆಸ್ಪತ್ರೆಯಿದ್ದದ್ದು ತಾಂಗ್ ಕೌಂಟಿಯ ಗಗೋಂಗ್ ಎಂಬ ಹಳ್ಳಿಯಲ್ಲಿ. ಊರವರಿಗೆ ಅವರು 'ಲಾವ್ ಕ', ಅಂದರೆ ನಮ್ಮ ಕೋಟ್ನಿಸಣ್ಣ ಅಂದ ಹಾಗೆ. ಜಪಾನೀಯರ ದಿಗ್ಬಂಧನ ಬಿಗಿಯಾಗಿ ನವಣೆ, ಜೋಳ ಸಿಗದಾದಾಗ ಕಪ್ಪು ಅವರೆಯಂಥ ಕಾಳು ಬೇಯಿಸಿಕೊಂಡು ಎಲ್ಲರೂ ತಿಂದರು, ನಿರ್ದೇಶಕರೂ ಅದನ್ನೇ ತಿಂದರು. ಅಲ್ಲಿನ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಜೊತೆ 1941ರ ನವೆಂಬರಿನಲ್ಲಿ ಮದುವೆಯಾಯಿತು. ಮರುವರ್ಷ ಆಗಸ್ಟಿನಲ್ಲಿ ಮಗ. ಆ ಸೀಮೆಯ ಸೇನಾಧಿಪತಿ ನಿಯೆ ರೋಂಗ್‌ಝೆನ್ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟ, ಹಿಂದೂಸ್ತಾನ–ಚೀನಾ ಕೂಡಿದ ಹೆಸರು.

ಇಷ್ಟರಲ್ಲಿ ಡಾಕ್ಟರಿಗೆ ಮೂರ್ಛೆರೋಗ ಅಂಟಿಕೊಂಡಿತ್ತು. ಕೆಲಸ ಬಿಟ್ಟು ಚಿಕಿತ್ಸೆಗೆ ಹೋಗಿ ಎಂದು ಮೇಲಿನವರು ಹೇಳಿದರು, ಹೋಗಲಿಲ್ಲ. ಇದನ್ನು ತ್ಯಾಗ ಎಂದು ಹೊಗಳುವುದನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ನಮ್ಮ ವಾರ್ಡಿನಲ್ಲಿ ಯಾವ ರೋಗಿಯಾದರೂ ಹೀಗೆ ಮಾಡಿದ್ದರೆ ಬೈದು ಮಲಗಿಸುತ್ತಿದ್ದೆ. ಡಾಕ್ಟರುಗಳಷ್ಟು ಮಾತು ಕೇಳದ ರೋಗಿಗಳು ಲೋಕದಲ್ಲಿಲ್ಲ. ವಿದ್ಯಾರ್ಥಿಗಳಿಗೆಂದು ಸರ್ಜರಿಯ ಒಂದು ಪಠ್ಯಪುಸ್ತಕ ಬರೆದು, ಎರಡನೆಯದನ್ನು ಬರೆಯುತ್ತಿದ್ದರು. ಅದು ಮುಗಿಯುವ ಮೊದಲೇ, 1942ರ ಡಿಸೆಂಬರ್ 9ರಂದು, ಮೂರ್ಛೆಯ ಮೇಲೆ ಮೂರ್ಛೆ ಬಂದು ತೀರಿಕೊಂಡರು. ವಯಸ್ಸು 32. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಯುದ್ಧ ಮುಗಿಯುವುದರೊಳಗೇ ಖ್ವಾಜಾ ಅಹ್ಮದ್ ಅಬ್ಬಾಸ್ ಕೋಟ್ನಿಸರ ಮೇಲೆ ಪುಸ್ತಕ ಬರೆದರು, ಅದರಿಂದ ಶಾಂತಾರಾಮರ ಸಿನಿಮಾ ಬಂತು, ನವಣೆ ಗಂಜಿ ಮರೆತುಹೋಯಿತು.

ಕಲ್ಕತ್ತೆಯ ಬಸು 1943ರಲ್ಲಿ ಮರಳಿಬಂದರು. ದಿನಚರಿ ಬರೆದಿಟ್ಟಿದ್ದರಿಂದ ಈ ದಿನನಿತ್ಯದ ಎಷ್ಟೋ ವಿವರ ಉಳಿದವು. ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚುಚ್ಚುವ ಚಿಕಿತ್ಸೆ ಕಲಿತುಬಂದು ಭಾರತದಲ್ಲಿ ಅಕ್ಯುಪಂಕ್ಚರ್ ಶುರುಮಾಡಿದವರೂ ಅವರೇ. ಲುಧಿಯಾನಾದಲ್ಲಿ ಕೋಟ್ನಿಸ್ ಹೆಸರಿನಲ್ಲೇ ಒಂದು ಅಕ್ಯುಪಂಕ್ಚರ್ ಆಸ್ಪತ್ರೆ ನಡೆಯುತ್ತಿದೆ. ನನ್ನ ಮೊಣಕಾಲು ನೋವಿಗೆ ಅಲ್ಲಿಗೆ ಹೋಗು ಎಂದು ತಂಗಿ ಗಂಟುಬಿದ್ದಿದ್ದಾಳೆ. ಆಯುಷ್ಯವೆಲ್ಲ ಬೇರೆಯವರಿಗೆ ಸೂಜಿ ಚುಚ್ಚಿದವಳು, ನನಗೆ ಚುಚ್ಚಿಸಿಕೊಳ್ಳುವ ಧೈರ್ಯ ಇಲ್ಲ ಎಂದು ಹೇಳಿ ಕಳಿಸಿದ್ದೇನೆ.